ಮೊನ್ನೆ ತುಂಬಿದ ಬಕೆಟ್ ಇವತ್ತು ಯಾಕೆ ಖಾಲಿ? ರಾತ್ರಿ ಸಿಗಡಿ ಹಿಡಿಯುವವರ ಲೆಕ್ಕ

ಮೊದಲು ಕಾಣುವುದು ಕಣ್ಣು. ಪಿಯರ್‌ನ ಕಟಕಟೆಗೆ ಒರಗಿ, ಹಣೆಗೆ ಕಟ್ಟಿದ ಟಾರ್ಚ್‌ನ ಬೆಳಕನ್ನು ನೀರಿಗೆ ಬಿಟ್ಟರೆ, ಕಪ್ಪು ನೀರಿನಲ್ಲಿ ಎರಡು ಕೆಂಡದ ಕಿಡಿ ತೇಲಿಕೊಂಡು ಬರುತ್ತವೆ. ಮೈ ಕಾಣುವುದಿಲ್ಲ, ಅದು ಗಾಜಿನ ಹಾಗೆ ನೀರಿನಲ್ಲಿ ಕರಗಿರುತ್ತದೆ. ಬರೀ ಕಿಡಿ. ಆ ಜೋಡಿಯ ಹಿಂದೆ ಇನ್ನೊಂದು ಜೋಡಿ, ಅದರ ಹಿಂದೆ ಐದಾರು. ಎಲ್ಲವೂ ಒಂದೇ ದಿಕ್ಕಿಗೆ ಹೊರಟಿರುತ್ತವೆ. ಸಿಗಡಿ ಸಮುದ್ರಕ್ಕೆ ಹೋಗುತ್ತಿದೆ.

ಇದು ಅಮೆರಿಕದ ಫ್ಲೋರಿಡಾ ರಾಜ್ಯದ ಪೂರ್ವ ಕರಾವಳಿ, ನ್ಯೂ ಸ್ಮಿರ್ನಾ ಬೀಚ್ ಸುತ್ತಮುತ್ತಲ ಜಾಗ. ಪಿಯರ್ ಅಂದರೆ ನಮ್ಮ ಮಲ್ಪೆ, ಮಂಗಳೂರು ಕಡೆಯ ದಕ್ಕೆಯ ಹಾಗೆ ನೀರಿನ ಮೇಲೆ ಚಾಚಿಕೊಂಡಿರುವ ಕಟ್ಟೆ. ಆದರೆ ಇಲ್ಲಿ ದೋಣಿ ಕಟ್ಟುವುದಕ್ಕಿಂತ ಜನ ನಿಂತು ಮೀನು ಹಿಡಿಯುವುದೇ ಜಾಸ್ತಿ. ಚಳಿಗಾಲದಿಂದ ಬೇಸಿಗೆ ಶುರುವಾಗುವವರೆಗೆ ಇಂಥ ಪಿಯರ್‌ಗಳ ಮೇಲೆ, ಸೇತುವೆಗಳ ಪಕ್ಕದಲ್ಲಿ, ರಾತ್ರಿ ಹೊತ್ತು ಸಾಲುದೀಪ. ಅಜ್ಜಂದಿರು, ಮಕ್ಕಳು, ಕೆಲಸ ಮುಗಿಸಿ ನೇರವಾಗಿ ಬಂದವರು, ಎಲ್ಲರ ಕೈಯಲ್ಲೂ ಉದ್ದ ಕೋಲಿನ ಬಲೆ, ಕಾಲಬಳಿ ಒಂದು ಬಕೆಟ್.

ಹೊಸಬರಿಗೆ ಅರ್ಥವಾಗದೇ ಇರುವುದು ಒಂದೇ. ಮೊನ್ನೆ ಇದೇ ಜಾಗದಲ್ಲಿ ಎರಡು ಗಂಟೆಯಲ್ಲಿ ಬಕೆಟ್ ತುಂಬಿತ್ತು. ಇವತ್ತು ಅದೇ ದೀಪ, ಅದೇ ಬಲೆ, ಅದೇ ಕಂಬದ ಪಕ್ಕ. ಹತ್ತು ಸಿಗಡಿಯೂ ಇಲ್ಲ. ಅದೃಷ್ಟ ಅಂತ ಸುಮ್ಮನಾಗುತ್ತೇವೆ. ಆದರೆ ಇದರಲ್ಲಿ ಅದೃಷ್ಟದ ಪಾಲು ಬಹಳ ಕಡಿಮೆ. ನಾನೂ ಹೀಗೆ ಒಂದು ರಾತ್ರಿ ಬರಿಗೈಲಿ ವಾಪಸ್ ಬಂದು, ಕುಮಟಾದಲ್ಲಿರುವ ಮಾವನಿಗೆ ಫೋನ್ ಮಾಡಿದ್ದೆ. ಅವರು ಫ್ಲೋರಿಡಾ ನೋಡಿದವರಲ್ಲ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ತಮಾ, ಇವತ್ತು ತಿಥಿ ಯಾವುದು?" ಕ್ಯಾಲೆಂಡರ್ ನೋಡಿ ಅಷ್ಟಮಿ ಅಂದೆ. "ಅಷ್ಟಮಿಗೆ ನೀರೇ ಓಡೂದಿಲ್ಲ, ಶೆಟ್ಲಿ ಎಲ್ಲಿಂದ ಬರ್ತದೆ? ಹುಣ್ಣಿಮೆಗೆ ಹೋಗು." ಶೆಟ್ಲಿ ಅಂದರೆ ಅವರ ಕಡೆ ಸಿಗಡಿ.

ಹದಿನಾಲ್ಕು ಸಾವಿರ ಕಿಲೋಮೀಟರ್‌ಗಿಂತ ದೂರ ಕೂತು ಕೊಟ್ಟ ಈ ಉತ್ತರ ಪೂರ್ತಿ ಸರಿ. ಯಾಕೆ ಸರಿ ಅನ್ನುವುದನ್ನು ಬಿಡಿಸಿ ಹೇಳುವುದೇ ಈ ಲೇಖನ.

ಎರಡು ಮನೆಯ ಜೀವ

ಇಲ್ಲಿ ಸಿಗುವ ಸಿಗಡಿ ಮುಖ್ಯವಾಗಿ ಮೂರು ಬಗೆ. ಬಿಳಿ, ಕಂದು, ಗುಲಾಬಿ. ಮೂರರ ಬಾಳುವೆಯೂ ಹೆಚ್ಚು ಕಡಿಮೆ ಒಂದೇ ತರಹ. ದೊಡ್ಡ ಸಿಗಡಿ ಸಮುದ್ರದಲ್ಲಿ ಮೊಟ್ಟೆ ಬಿಡುತ್ತದೆ. ಒಂದು ಬಿಳಿ ಸಿಗಡಿ ಒಂದು ಸಲಕ್ಕೆ ಐದು ಲಕ್ಷದಿಂದ ಹತ್ತು ಲಕ್ಷ ಮೊಟ್ಟೆ ಬಿಡುವುದುಂಟು. ಅದು ಮೊಟ್ಟೆಯನ್ನು ಹೊಟ್ಟೆಗೆ ಅಂಟಿಸಿಕೊಂಡು ಕಾಯುವುದಿಲ್ಲ, ನೀರಿಗೆ ಬಿಟ್ಟುಬಿಡುತ್ತದೆ. ಸುಮಾರು ಒಂದು ದಿನದೊಳಗೆ ಮರಿ ಒಡೆಯುತ್ತದೆ. ಎರಡು ಮೂರು ವಾರ ಅಲೆಯಲ್ಲಿ ತೇಲುತ್ತಾ, ರೂಪ ಬದಲಿಸುತ್ತಾ, ಕೊನೆಗೆ ಉಬ್ಬರದ ನೀರಿನ ಜೊತೆ ಅಳಿವೆ, ಅಂದರೆ ಒಳಗಿನ ನೀರು ಕಡಲು ಸೇರುವ ಬಾಯಿ, ದಾಟಿ ಒಳಗೆ ಬರುತ್ತದೆ.

ಒಳಗೆ ಅಂದರೆ ಹಿನ್ನೀರು. ಸಿಹಿನೀರು ಉಪ್ಪುನೀರು ಬೆರೆಯುವ, ಆಳವಿಲ್ಲದ, ಹುಲ್ಲು ಬೆಳೆದ ಜಾಗ. ಅಲ್ಲಿ ಊಟ ಬೇಕಾದಷ್ಟು, ದೊಡ್ಡ ಮೀನುಗಳ ಕಾಟ ಕಡಿಮೆ. ಕೆಲವು ತಿಂಗಳು ತಿಂದು ಬೆಳೆದ ಮೇಲೆ ಅದಕ್ಕೆ ಮತ್ತೆ ಸಮುದ್ರ ಬೇಕು, ಯಾಕೆಂದರೆ ಮೊಟ್ಟೆ ಇಡುವುದು ಅಲ್ಲಿಯೇ. ಪೂರ್ತಿ ಆಯುಷ್ಯವೇ ಒಂದು, ಒಂದೂವರೆ ವರ್ಷ. ಹೀಗಾಗಿ ಹೊರಡುವ ಹೊತ್ತು ಬಂತೆಂದರೆ ಗುಂಪುಗುಂಪಾಗಿ ಹೊರಡುತ್ತವೆ. ಪಿಯರ್ ಮೇಲೆ ನಿಂತವರು ಸಿಗಡಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದು ಹೋಗುವ ದಾರಿಯಲ್ಲಿ ಹೋಗಿ ನಿಲ್ಲುತ್ತಾರೆ, ಅಷ್ಟೇ.

ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು, ಅಂದರೆ ಉಬ್ಬರದ ನೀರು ಬರುವ ತಗ್ಗು ಗದ್ದೆಗಳನ್ನು, ಕಂಡವರಿಗೆ ಇದು ಹೊಸ ವಿಷಯ ಅಲ್ಲ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ. ಕೊಯ್ಲು ಮುಗಿದ ಮೇಲೆ ಉಬ್ಬರದ ನೀರಿನ ಜೊತೆ ಸಿಗಡಿ ಮರಿ ಗದ್ದೆಯೊಳಗೆ ಬರುತ್ತದೆ, ಅಲ್ಲೇ ಬೆಳೆಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಇಳಿತ ಶುರುವಾದಾಗ ತೂಬಿನ ಬಾಯಿಗೆ ಚೀಲದಂಥ ಬಲೆ ಕಟ್ಟಿ ತೂಬು ಎತ್ತುತ್ತಾರೆ. ಜಾತಿ ಬೇರೆ, ಕಡಲು ಬೇರೆ. ಆದರೆ ಸಿಗಡಿಯ ಬುದ್ಧಿ ಒಂದೇ. ಮಾವನ ಲೆಕ್ಕ ಬಂದಿದ್ದು ಅಲ್ಲಿಂದ.

ನೀರಿನ ರುಚಿ ನೋಡಿ ದಾರಿ ಹಿಡಿಯುವುದು

ಬೆರಳುದ್ದದ ಜೀವಕ್ಕೆ ಸಮುದ್ರ ಯಾವ ಕಡೆ ಅಂತ ಹೇಗೆ ಗೊತ್ತಾಗುತ್ತದೆ? ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

ಗುಲಾಬಿ ಸಿಗಡಿಯ ಮೇಲೆ ಮಾಡಿದ ಒಂದು ಪ್ರಯೋಗ 1969ರಲ್ಲಿ ಪ್ರಕಟವಾಯಿತು. ತೊಟ್ಟಿಯಲ್ಲಿ ನೀರು ಹರಿಯಬಿಟ್ಟು, ಅದರ ಉಪ್ಪಿನಂಶ ಬದಲಿಸಿ ನೋಡಿದರು. ಸಾಮಾನ್ಯವಾಗಿ ಎಳೆ ಸಿಗಡಿ ಹರಿವಿಗೆ ಎದುರಾಗಿ ಈಜುತ್ತದೆ. ಉಪ್ಪು ಕಡಿಮೆಯಾಯಿತು ಅಂದ ತಕ್ಷಣ ತಿರುಗಿ, ಹರಿವಿನ ಜೊತೆಗೇ ಈಜತೊಡಗಿತು.

ಈಗ ಅಳಿವೆಯನ್ನು ನೆನಪಿಸಿಕೊಳ್ಳಿ. ಉಬ್ಬರದಲ್ಲಿ ಸಮುದ್ರದ ನೀರು ಒಳಗೆ ನುಗ್ಗುತ್ತದೆ, ಉಪ್ಪು ಜಾಸ್ತಿ. ಇಳಿತದಲ್ಲಿ ಒಳಗಿನ ಬೆರಕೆ ನೀರು ಹೊರಗೆ ಹರಿಯುತ್ತದೆ, ಉಪ್ಪು ಕಡಿಮೆ. ಅಂದರೆ ನೀರು ಸಪ್ಪೆಯಾಗುತ್ತಿದೆ ಅಂದರೆ ಅದು ಸಮುದ್ರಕ್ಕೆ ಹೋಗುವ ನೀರು. ಆ ನೀರಿಗೆ ಮೈ ಕೊಟ್ಟರೆ ಸಾಕು, ಊರು ಸೇರುತ್ತದೆ. ಅದಕ್ಕಿಂತ ಸಣ್ಣ ಮರಿಗಳದ್ದು ಇದಕ್ಕೆ ತಿರುಗುಮುರುಗು. ಅವು ಒಳಗೆ ಬರಬೇಕಾದವು. ಉಪ್ಪು ಕಡಿಮೆಯಾದರೆ ತಳಕ್ಕೆ ಇಳಿದು ಕೂರುತ್ತವೆ, ಮತ್ತೆ ಉಬ್ಬರ ಬರುವವರೆಗೆ ಏಳುವುದಿಲ್ಲ. ಒಂದೇ ಸೂಚನೆ, ವಯಸ್ಸಿಗೆ ತಕ್ಕ ಹಾಗೆ ಎರಡು ಅರ್ಥ. ಎಷ್ಟು ಚೆನ್ನಾಗಿದೆ ಅಲ್ವಾ?

ಹಾಗಾದರೆ ರಾತ್ರಿಯೇ ಯಾಕೆ? ಗುಲಾಬಿ ಸಿಗಡಿ ಹಗಲಲ್ಲಿ ಮರಳೊಳಗೆ ಹುದುಗಿಕೊಂಡಿರುತ್ತದೆ. ಹಗಲಲ್ಲಿ ಮೇಲೆ ಬಂದರೆ ಯಾವುದಾದರೂ ಮೀನಿನ ಬಾಯಿಗೆ ಹೋಗುವುದು ಖಂಡಿತ. ಇದು ಮನುಷ್ಯರಿಗೆ ಗೊತ್ತಾಗಲೂ ಕಾಲ ಹಿಡಿಯಿತು. ಫ್ಲೋರಿಡಾದ ದಕ್ಷಿಣ ತುದಿಯಲ್ಲಿ ಕೀ ವೆಸ್ಟ್ ಊರಿನಾಚೆ ಟಾರ್ಟುಗಾಸ್ ಎಂಬ ಜಾಗವಿದೆ. ಅಲ್ಲಿ ರಾಶಿ ರಾಶಿ ಗುಲಾಬಿ ಸಿಗಡಿ ಇರುವುದು ಪತ್ತೆಯಾಗಿದ್ದು 1949–50ರ ಸುಮಾರಿಗೆ, ರಾತ್ರಿ ಹೊತ್ತು ಬಲೆ ಎಳೆದು ನೋಡಿದಾಗ. ಆಮೇಲೆ ಅದಕ್ಕೆ 'ಗುಲಾಬಿ ಚಿನ್ನ' ಅಂತಲೇ ಹೆಸರು ಬಂತು. ಬಿಳಿ ಸಿಗಡಿ ಮಾತ್ರ ಕದಡಿದ ನೀರಿದ್ದರೆ ಹಗಲಲ್ಲೂ ಓಡಾಡುತ್ತದೆ.

ಕತ್ತಲೆ ಬೇಕು, ಇಳಿತ ಬೇಕು. ಎರಡೂ ಒಟ್ಟಿಗೆ ಬೀಳುವುದು ಎಲ್ಲ ದಿನವೂ ಅಲ್ಲ. ಖಾಲಿ ಬಕೆಟ್ಟಿನ ಗುಟ್ಟು ಇರುವುದು ಇಲ್ಲೇ.

ಪಂಚಾಂಗವೇ ಇಳಿತದ ಪಟ್ಟಿ

ಉಬ್ಬರ ದಿನಾ ಒಂದೇ ಹೊತ್ತಿಗೆ ಬರುವುದಿಲ್ಲ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಮ್ಮ ಹಳೆಯ ಲೆಕ್ಕದಲ್ಲಿ ಎರಡು ಘಳಿಗೆ, ಅಂದರೆ 48 ನಿಮಿಷ. ಚಂದ್ರ ದಿನಕ್ಕೊಂದು ತಿಥಿಯಷ್ಟು ಮುಂದೆ ಹೋಗುವುದೇ ಇದಕ್ಕೆ ಕಾರಣ. ಹೀಗಾಗಿ ಒಂದು ಊರಲ್ಲಿ ಯಾವ ತಿಥಿಗೆ ಎಷ್ಟು ಹೊತ್ತಿಗೆ ಉಬ್ಬರ ಅನ್ನುವುದು ಹೆಚ್ಚು ಕಡಿಮೆ ಗಟ್ಟಿ.

ಫ್ಲೋರಿಡಾದ ಈ ಭಾಗದಲ್ಲಿ ಹುಣ್ಣಿಮೆ, ಅಮಾವಾಸ್ಯೆ ದಿನ ಸಮುದ್ರದ ದಡದಲ್ಲಿ ಪೂರ್ತಿ ಉಬ್ಬರ ಬರುವುದು ಸಂಜೆ ಏಳರಿಂದ ಒಂಬತ್ತರ ನಡುವೆ. ಅಳಿವೆಯ ಒಳಗೆ ಇನ್ನೂ ಸ್ವಲ್ಪ ತಡ. ಅಂದರೆ ಕತ್ತಲಾದ ಮೇಲೆ, ಊಟ ಮುಗಿಸಿ ಪಿಯರ್‌ಗೆ ಬರುವ ಹೊತ್ತಿಗೆ ಇಳಿತ ಶುರು. ಅಲ್ಲಿಂದ ಸುಮಾರು ಆರು ಗಂಟೆ ನೀರು ಹೊರಗೆ ಓಡುತ್ತದೆ. ರಾತ್ರಿಯೆಲ್ಲ ಸಿಗಡಿಗೆ ದಾರಿ ತೆರೆದಿರುತ್ತದೆ.

ಇದಕ್ಕೆ ಏಳು ದಿನ ಕೂಡಿಸಿ. ಏಳು ಸಲ 50 ನಿಮಿಷ ಅಂದರೆ ಹತ್ತಿರಹತ್ತಿರ ಆರು ಗಂಟೆ. ಅಷ್ಟಮಿ ದಿನ ಅದೇ ಪಿಯರ್‌ನಲ್ಲಿ ರಾತ್ರಿ ಒಂಬತ್ತಕ್ಕೆ ನೀರು ಕೆಳಗಿಳಿದು ನಿಂತಿರುತ್ತದೆ. ಅಲ್ಲಿಂದ ಬೆಳಗಿನ ಜಾವದ ತನಕ ಉಬ್ಬರ ಏರುತ್ತದೆ. ಹೊರಡಬೇಕಾದ ಸಿಗಡಿ ತಳದಲ್ಲಿ ಕೂತಿರುತ್ತದೆ. ಅದೂ ಸಾಲದು ಅಂತ, ಅಷ್ಟಮಿಗೆ ನೀರಿನ ಏರಿಳಿತವೇ ಕಡಿಮೆ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ನಿಂತು ಎಳೆಯುತ್ತಾರೆ, ನೀರು ಜೋರಾಗಿ ಓಡುತ್ತದೆ. ಅಷ್ಟಮಿಗೆ ಒಬ್ಬರು ಒಂದು ಕಡೆ, ಇನ್ನೊಬ್ಬರು ಅಡ್ಡಕ್ಕೆ. ಮಾವ ಹೇಳಿದ "ನೀರೇ ಓಡೂದಿಲ್ಲ" ಅನ್ನುವುದು ಇದೇ.

ನನ್ನ ಅನುಭವದಲ್ಲಿ ಹುಣ್ಣಿಮೆಗಿಂತ ಅದರ ಮರುದಿನದಿಂದ ಚೌತಿವರೆಗಿನ ರಾತ್ರಿಗಳೇ ಚೆನ್ನ. ನೀರಿನ ಓಟ ಇನ್ನೂ ಜೋರಾಗಿರುತ್ತದೆ, ಚಂದ್ರ ತಡವಾಗಿ ಹುಟ್ಟುವುದರಿಂದ ಮೊದಲ ಗಂಟೆಗಳಲ್ಲಿ ಕತ್ತಲೆಯೂ ಸಿಗುತ್ತದೆ. ಸಂಕಷ್ಟಿ ಹೊತ್ತಿಗೆ ಇಳಿತ ಶುರುವಾಗುವುದೇ ಮಧ್ಯರಾತ್ರಿ ಹತ್ತಿರ. ಮರುದಿನ ಕೆಲಸ ಇರುವವರಿಗೆ ಅದು ಕಷ್ಟ.

ಒಂದು ಎಚ್ಚರಿಕೆ. ತಿಥಿ ಲೋಕಕ್ಕೆಲ್ಲ ಒಂದೇ, ಗಂಟೆ ಮಾತ್ರ ಊರಿಂದ ಊರಿಗೆ ಬೇರೆ. ಫ್ಲೋರಿಡಾದ ಗಂಟೆ ಕುಮಟಾಕ್ಕೆ ನಡೆಯುವುದಿಲ್ಲ. ಇಲ್ಲಿನವರು ಅಮೆರಿಕದ ಸಮುದ್ರ, ಹವಾಮಾನ ಸಂಸ್ಥೆ ನೋವಾ ಕೊಡುವ ಉಬ್ಬರ ಇಳಿತದ ಪಟ್ಟಿ ನೋಡುತ್ತಾರೆ. ಅದರಲ್ಲೂ ನೀರಿನ ಮಟ್ಟದ ಪಟ್ಟಿ ಬೇರೆ, ಹರಿವಿನ ಪಟ್ಟಿ ಬೇರೆ. ಅಳಿವೆಯಲ್ಲಿ ಮಟ್ಟ ಇಳಿಯಲು ಶುರುವಾದರೂ ಹರಿವು ತಿರುಗಲು ಇನ್ನೂ ಹೊತ್ತು ಹಿಡಿಯುತ್ತದೆ. ನಮಗೆ ಬೇಕಾಗಿರುವುದು ಹರಿವು.

ಟೈಟಸ್‌ವಿಲ್‌ನಲ್ಲಿ ಚಂದ್ರನ ಮಾತು ನಡೆಯುವುದಿಲ್ಲ

ಈ ಲೆಕ್ಕವೆಲ್ಲ ಕಲಿತು ಒಂದು ಗಂಟೆಯಷ್ಟು ದಕ್ಷಿಣಕ್ಕೆ ಹೋದರೆ ಟೈಟಸ್‌ವಿಲ್ ಸಿಗುತ್ತದೆ. ಅಲ್ಲಿನ ಹಳೆಯ ಸೇತುವೆಯ ಉಳಿದ ಭಾಗವನ್ನೇ ಮೀನು ಹಿಡಿಯುವ ಪಿಯರ್ ಮಾಡಿದ್ದಾರೆ. ಎದುರಿಗೆ ನೀರಿನಾಚೆ ಕೆನಡಿ ಬಾಹ್ಯಾಕಾಶ ಕೇಂದ್ರ. ರಾಕೆಟ್ ಜೋಡಿಸುವ ಆ ದೈತ್ಯ ಕಟ್ಟಡದ ದೀಪ ರಾತ್ರಿ ನೀರಿನ ಮೇಲೆ ಬೀಳುತ್ತದೆ. ಸಿಗಡಿಗೆ ಹಿಂದಿನಿಂದ ಹೆಸರಾದ ಜಾಗ ಇದು.

ಆದರೆ ಇಲ್ಲಿ ಉಬ್ಬರ ಇಳಿತ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಇಂಡಿಯನ್ ರಿವರ್ ಲಗೂನ್ ಅನ್ನುವ ಈ ಹಿನ್ನೀರು ಸುಮಾರು 250 ಕಿಲೋಮೀಟರ್ ಉದ್ದ. ಅಳಿವೆಗಳು ಕೆಲವೇ. ಟೈಟಸ್‌ವಿಲ್‌ನಿಂದ ಉತ್ತರಕ್ಕೆ ಪಾನ್ಸ್ ಅಳಿವೆಯೂ ದೂರ, ದಕ್ಷಿಣಕ್ಕೆ ಸೆಬಾಸ್ಟಿಯನ್ ಅಳಿವೆಯೂ ದೂರ. ಸಮುದ್ರದ ಏರಿಳಿತ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸತ್ತೇ ಹೋಗಿರುತ್ತದೆ. ಇಲ್ಲಿ ನೀರನ್ನು ಓಡಿಸುವುದು ಗಾಳಿ. ಹೀಗಾಗಿ ಟೈಟಸ್‌ವಿಲ್‌ನ ಹಳಬರು ಚಂದ್ರನನ್ನು ನೋಡುವ ಮೊದಲು ಗಾಳಿಯ ಮುನ್ಸೂಚನೆ ನೋಡುತ್ತಾರೆ. ಗಾಳಿ ಬಿದ್ದರೆ ನೀರು ನಿಲ್ಲುತ್ತದೆ, ನೀರು ನಿಂತರೆ ಸಿಗಡಿ ನಿಲ್ಲುತ್ತದೆ.

ಈ ಹಿನ್ನೀರಿಗೆ ದೊಡ್ಡ ಪೆಟ್ಟು ಬಿದ್ದಿದ್ದು 2011ರಲ್ಲಿ. ಗೊಬ್ಬರ, ಚರಂಡಿ ನೀರು ಸೇರಿ ಸೇರಿ, ಪಾಚಿ ಭಾರಿ ಪ್ರಮಾಣದಲ್ಲಿ ಹಬ್ಬಿ, ಬಿಸಿಲು ತಳಕ್ಕೆ ಮುಟ್ಟದ ಹಾಗಾಯಿತು. ಮುಂದಿನ ವರ್ಷಗಳಲ್ಲಿ ತಳದ ಕಡಲಹುಲ್ಲು ಅರ್ಧಕ್ಕಿಂತ ಜಾಸ್ತಿ ನಾಶವಾಯಿತು. ಆ ಹುಲ್ಲು ಸಿಗಡಿ ಮರಿಗಳ ಮನೆ. ಅದನ್ನೇ ತಿಂದು ಬದುಕುವ ಮ್ಯಾನಟಿ ಎಂಬ ದೊಡ್ಡ ಸಾಧು ಪ್ರಾಣಿಗಳು 2021ರಲ್ಲಿ ಫ್ಲೋರಿಡಾದಲ್ಲಿ ಸಾವಿರಕ್ಕೂ ಹೆಚ್ಚು ಸತ್ತವು, ಬಹಳಷ್ಟು ಈ ಹಿನ್ನೀರಿನಲ್ಲಿ ಹಸಿವಿನಿಂದಲೇ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ತಿಥಿ ಸರಿ ಇದ್ದು, ಗಾಳಿ ಸರಿ ಇದ್ದು, ಆದರೂ ಬಕೆಟ್ ಖಾಲಿ ಇದ್ದರೆ ಕಾರಣ ತಳದಲ್ಲಿ ಇರಬಹುದು.

ಕೆಂಡದ ಕಣ್ಣು

ಮತ್ತೆ ಆ ಕಿಡಿಗಳಿಗೆ ಬರೋಣ. ನೊಣ, ಜೇನುಹುಳದ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು. ಸಿಗಡಿಯ ಕಣ್ಣಿನಲ್ಲಿ ಚೌಕ. ಗಣಿತದ ಚೌಕುಳಿ ಪುಸ್ತಕದ ಹಾಳೆ ಇದ್ದ ಹಾಗೆ. ಪ್ರತಿ ಚೌಕದ ಗೋಡೆಗಳೂ ಕನ್ನಡಿ. ನಮ್ಮ ಕಣ್ಣು ಮಸೂರದಿಂದ ಬೆಳಕನ್ನು ಬಾಗಿಸಿದರೆ, ಇದು ಕನ್ನಡಿಗಳಿಂದ ಪುಟಿಸಿ ಒಂದೇ ಕಡೆ ಸೇರಿಸುತ್ತದೆ. ಮಂದ ಬೆಳಕಲ್ಲೂ ಕಾಣುವುದು ಇದರಿಂದಲೇ. ಇದನ್ನು 1975ರಲ್ಲಿ ಸಿಹಿನೀರಿನ ಕ್ರೇಫಿಶ್‌ನಲ್ಲಿ ಕ್ಲಾಸ್ ವೋಗ್ಟ್, 1976ರಲ್ಲಿ ಸಿಗಡಿಯಲ್ಲಿ ಮೈಕೇಲ್ ಲ್ಯಾಂಡ್ ಬಿಡಿಸಿ ತೋರಿಸಿದರು. ಇದೇ ಉಪಾಯದಿಂದ ಎಕ್ಸ್-ರೇ ದೂರದರ್ಶಕ ಮಾಡಬಹುದು ಅಂತ ಮುಂದೆ ಹೊಳೆಯಿತು. 2024ರ ಜನವರಿಯಲ್ಲಿ ಚೀನಾ ಹಾರಿಸಿದ ಐನ್‌ಸ್ಟೈನ್ ಪ್ರೋಬ್ ಉಪಗ್ರಹದಲ್ಲಿ ಇರುವುದು ಈ ಬಗೆಯ ಕಣ್ಣೇ.

ಆ ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ಕಳಿಸುವ ಒಂದು ಪದರ ಇದೆ. ರಾತ್ರಿ ಬೆಕ್ಕಿನ ಕಣ್ಣು ಹೊಳೆಯುತ್ತದಲ್ಲ, ಹಾಗೆಯೇ. ಈ ಬೆಳಕು ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಅದಕ್ಕೇ ಕೈಯಲ್ಲಿ ಹಿಡಿದ ಟಾರ್ಚ್‌ಗಿಂತ ಹಣೆಗೆ ಕಟ್ಟಿದ ಟಾರ್ಚ್‌ನಲ್ಲಿ ಕಿಡಿ ಚೆನ್ನಾಗಿ ಕಾಣುತ್ತದೆ. ದೀಪ ನಮ್ಮ ಕಣ್ಣಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ನೀರಿಗೆ ಇಳಿಬಿಡುವ ದೊಡ್ಡ ದೀಪದ ಕೆಲಸ ಬೇರೆ, ಅದು ಸಿಗಡಿಯ ಮೈಯನ್ನೂ ನೆರಳನ್ನೂ ತೋರಿಸುತ್ತದೆ. ಹಿಂದೆ ಪೆಟ್ರೋಮ್ಯಾಕ್ಸ್‌ನಂಥ ಗ್ಯಾಸ್‌ಲೈಟ್ ತೂಗುಬಿಡುತ್ತಿದ್ದರು, ಈಗ ಹಸಿರು ಎಲ್‌ಇಡಿ.

ಬಲೆ ಹಾಕುವಾಗ ಒಂದೇ ಮಾತು ನೆನಪಿರಲಿ: ಸಿಗಡಿ ಹಿಂದಕ್ಕೆ ಹಾರುತ್ತದೆ. ಬೆದರಿದರೆ ಬಾಲವನ್ನು ಹೊಟ್ಟೆಗೆ ಫಟ್ ಅಂತ ಮಡಚುತ್ತದೆ, ಇಡೀ ಮೈ ಹಿಮ್ಮುಖ ಚಿಮ್ಮುತ್ತದೆ. ಮುಂದಿನಿಂದ ಬಲೆ ತಂದರೆ ನಾವೇ ಅದನ್ನು ಓಡಿಸಿದ ಹಾಗೆ. ಬಾಲದ ಹಿಂದೆ ಮೆತ್ತಗೆ ಬಲೆ ಇಳಿಸಿ, ಅದೇ ಹಾರಿ ಒಳಗೆ ಬೀಳುತ್ತದೆ. ಹರಿವಿಗೆ ಬಾಯಿ ಕೊಟ್ಟು ಬಲೆಯನ್ನು ಅಲುಗಿಸದೆ ಹಿಡಿದರೆ ನೀರೇ ತಂದು ಹಾಕುವುದೂ ಉಂಟು. ಬೀಸುಬಲೆಯವರಿಗೆ ಆಳ ನೀರಿನಲ್ಲಿ ಬರುವ ತೊಂದರೆ ಏನೆಂದರೆ, ತಳ ಮುಟ್ಟುವ ಮೊದಲೇ ಬಲೆ ಮುಚ್ಚಿಕೊಳ್ಳುತ್ತದೆ. ಸೀಸದ ಗುಂಡಿನ ಸಾಲಿನ ಸ್ವಲ್ಪ ಮೇಲೆ ಸುತ್ತಲೂ ಅಗಲ ಟೇಪ್ ಅಂಟಿಸಿದರೆ ಬಲೆ ಬಿಚ್ಚಿಕೊಂಡೇ ಇಳಿಯುತ್ತದೆ.

ಎಷ್ಟು ಹಿಡಿಯಬಹುದು

ಫ್ಲೋರಿಡಾದಲ್ಲಿ ಮನೆಬಳಕೆಗೆ ಒಬ್ಬರಿಗೆ ದಿನಕ್ಕೆ 5 ಗ್ಯಾಲನ್, ತಲೆ ಸಮೇತ. ಸುಮಾರು 19 ಲೀಟರ್, ಅಂಗಡಿಯಲ್ಲಿ ಸಿಗುವ ಪೇಂಟ್ ಬಕೆಟ್ಟಿನಷ್ಟು. ದೋಣಿಯಲ್ಲಿ ಎಷ್ಟೇ ಜನ ಇದ್ದರೂ ದೋಣಿಗೆ ಒಂದೇ ಬಕೆಟ್. ಮಾರುವ ಹಾಗಿಲ್ಲ. ಕೋಲಿನ ಬಲೆಯ ಬಾಯಿ ಸುತ್ತಳತೆ 96 ಇಂಚು ಮೀರಬಾರದು, ಬೀಸುಬಲೆಯ ಉದ್ದ 14 ಅಡಿ ಮೀರಬಾರದು. ಏಪ್ರಿಲ್, ಮೇ ತಿಂಗಳು ಈಶಾನ್ಯದ ಆರು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದ ಹಾಗೆ) ಸಿಗಡಿ ಹಿಡಿಯುವುದೇ ನಿಷೇಧ. ಜ್ಯಾಕ್ಸನ್‌ವಿಲ್, ಸೇಂಟ್ ಅಗಸ್ಟೀನ್ ಊರುಗಳು ಅದರೊಳಗೆ ಬರುತ್ತವೆ. ಬಿಳಿ ಸಿಗಡಿ ಮೊಟ್ಟೆಗೆ ಹೊರಡುವ ಕಾಲ ಅದು. ನಮ್ಮಲ್ಲಿ ಜೂನ್, ಜುಲೈ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಹಾಗೆಯೇ ಇದೂ ಒಂದು ರಜೆ. ಪರವಾನಗಿಯೂ ಬೇಕು, ದಡದಿಂದ ಹಿಡಿಯುವ ಪರವಾನಗಿ ರಾಜ್ಯದ ನಿವಾಸಿಗಳಿಗೆ ಉಚಿತ. ಕೆಲವು ಪಿಯರ್‌ಗಳಲ್ಲಿ ಬೀಸುಬಲೆಗೆ ಅವಕಾಶ ಇಲ್ಲ, ಬೋರ್ಡ್ ಓದಿ. ನಿಯಮಗಳು ಬದಲಾಗುತ್ತಾ ಇರುತ್ತವೆ, ಹೊರಡುವ ಮೊದಲು ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗದ ಪಟ್ಟಿ ನೋಡುವುದು ಒಳ್ಳೆಯದು.

ಕೈಗೆ ಗಾಯ ಇದ್ದರೆ ಆ ದಿನ ಹೋಗಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದರ ಒಂದು ಬಗೆ, ವಿಬ್ರಿಯೊ ವಲ್ನಿಫಿಕಸ್, ಗಾಯದೊಳಗೆ ಸೇರಿದರೆ ಬಹಳ ಬೇಗ ಹರಡುತ್ತದೆ. ಈ ಸೋಂಕು ತಗುಲಿದ ಐವರಲ್ಲಿ ಸುಮಾರು ಒಬ್ಬರು ಉಳಿಯುವುದಿಲ್ಲ. ಯಕೃತ್ತಿನ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಜಾಸ್ತಿ. ಸಿಗಡಿಯ ತಲೆಯ ಮೇಲಿನ ಗರಗಸದಂಥ ಮುಳ್ಳು ಸುಲಭವಾಗಿ ಚುಚ್ಚುತ್ತದೆ. ಕೈಗವಸು ಹಾಕಿಕೊಳ್ಳಿ. ಚುಚ್ಚಿದ ಜಾಗ ಕೆಂಪಾಗಿ ಊದಿಕೊಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಬಕೆಟ್‌ನಿಂದ ಒಲೆಗೆ

ಹಿಡಿದ ಸಿಗಡಿಯನ್ನು ನೀರಿನ ಬಕೆಟ್ಟಿನಲ್ಲಿ ಬಿಟ್ಟುಕೊಂಡು ರಾತ್ರಿಯೆಲ್ಲ ನಿಲ್ಲುವವರನ್ನು ನೋಡಿದ್ದೇನೆ. ಗಾಳಿ ಇಲ್ಲದೆ ಅದು ಸಾಯುತ್ತದೆ, ಸತ್ತ ತಕ್ಷಣ ಕೆಡಲು ಶುರು. ಸಿಗಡಿಯ ಜೀರ್ಣಾಂಗ ಇರುವುದು ತಲೆಯಲ್ಲಿ. ಅದರ ರಸ ಸತ್ತ ಮೇಲೆ ತನ್ನದೇ ಮಾಂಸವನ್ನು ಕರಗಿಸತೊಡಗುತ್ತದೆ. ಬೇಯಿಸಿದಾಗ ಹಿಟ್ಟಿನ ಹಾಗೆ ಪುಡಿಯಾಗುವ ಸಿಗಡಿ ತಿಂದಿದ್ದರೆ, ಕಾರಣ ಇದೇ. ಆದ್ದರಿಂದ ಹಿಡಿದ ಕೂಡಲೇ ಐಸ್. ಕರಗಿದ ನೀರು ಕೆಳಗೆ ಹರಿದುಹೋಗುವ ಹಾಗೆ ಪೆಟ್ಟಿಗೆಯ ಬಿರಡೆ ತೆಗೆದಿಡಿ, ಸಪ್ಪೆ ನೀರಿನಲ್ಲಿ ನೆನೆದರೆ ರುಚಿ ಹೋಗುತ್ತದೆ. ಮನೆಗೆ ಬಂದ ಮೇಲೆ ಎಷ್ಟೇ ನಿದ್ದೆ ಬಂದರೂ ಮೊದಲು ತಲೆ ತೆಗೆಯಿರಿ.

ಮರುದಿನ ಸಿಪ್ಪೆಯ ಮೇಲೆ ಕಪ್ಪು ಮಚ್ಚೆ ಕಂಡರೆ ಗಾಬರಿ ಬೇಡ. ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆಯೇ ಅದು, ಕೆಟ್ಟ ಗುರುತಲ್ಲ. ಕೆಟ್ಟಿದ್ದರೆ ಮೂಗಿಗೇ ಗೊತ್ತಾಗುತ್ತದೆ, ಅಮೋನಿಯ ವಾಸನೆ ಹೊಡೆಯುತ್ತದೆ. ಎರಡು ದಿನದಲ್ಲಿ ಮುಗಿಯದಿದ್ದರೆ ಡಬ್ಬಿಗೆ ಹಾಕಿ, ಮುಳುಗುವಷ್ಟು ನೀರು ಹೊಯ್ದು ಫ್ರೀಜರ್‌ನಲ್ಲಿಡಿ. ಸುತ್ತಲೂ ಐಸ್ ಗಟ್ಟಿಯಾಗಿ ಕಟ್ಟಿಕೊಂಡಾಗ ಗಾಳಿ ತಾಗುವುದಿಲ್ಲ, ಮಾಂಸ ಒಣಗುವುದಿಲ್ಲ. ತೆಗೆದ ತಲೆಗಳನ್ನು ಎಸೆಯಬೇಡಿ. ಅವನ್ನು ಚೆನ್ನಾಗಿ ತೊಳೆದು, ಸ್ವಲ್ಪ ತೆಂಗಿನೆಣ್ಣೆಯಲ್ಲಿ ಹುರಿದು, ನೀರು ಹಾಕಿ ಇಪ್ಪತ್ತು ನಿಮಿಷ ಕುದಿಸಿ ಸೋಸಿಕೊಳ್ಳಿ. ಆ ಕೆಂಪು ನೀರಿಗೇ ತೆಂಗಿನಕಾಯಿ, ಮೆಣಸು, ಹುಣಸೆಹುಳಿ ಅರೆದು ಹಾಕಿದರೆ ಸಾರು. ಸಿಗಡಿಯನ್ನು ಕೊನೆಗೆ ಹಾಕಿ, ಮೂರು ನಿಮಿಷಕ್ಕಿಂತ ಹೆಚ್ಚು ಬೇಯಿಸಬೇಡಿ.